ಮಸಿಯ ರೆಕ್ಕೆ

ಮೇಜಿನ ಮೇಲಿದ್ದ ಫೋನು ಗುಂಯ್ ಎಂದು ನಡುಗಿತು. ಗಿಲಕಿ ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯುವುದನ್ನೂ ಮರೆತು ಮೆಸೇಜನ್ನೇ ನೋಡಿದಳು.

"ಮಸಿ, ವಯಸ್ಸು 125 ವರ್ಷ. ಇವತ್ತು ಹಾಲು ಕುಡಿದಿದೆ. ಚೇತರಿಸಿಕೊಳ್ಳುತ್ತಿದೆ."

ಕೆಳಗೆ ಪ್ರಾಣಿಗಳ ಆಸ್ಪತ್ರೆಯ ಹೆಸರಿತ್ತು. ಗಿಲಕಿ ಇನ್ನೊಂದು ಸಲ ಓದಿದಳು. ಯಾಕೆಂದರೆ ಮಸಿ ಸತ್ತು ಆಗಲೇ ಒಂದು ವಾರವಾಗಿತ್ತು.

ಮಸಿ ಅವರ ಮನೆಯ ಬೆಕ್ಕು. ಮೂತಿಯಿಂದ ಬಾಲದ ತುದಿಯವರೆಗೆ ಕಪ್ಪೋ ಕಪ್ಪು. ಎಲ್ಲಿಂದ ಬಂದಳೋ, ಯಾವಾಗ ಹುಟ್ಟಿದಳೋ ಯಾರಿಗೂ ಗೊತ್ತಿಲ್ಲ. ಒಂದು ದಿನ ತಾನಾಗಿಯೇ ಮನೆಯೊಳಗೆ ಬಂದು, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಯಾವುದೆಂದು ನೋಡಿ ಹತ್ತಿ ಕೂತಿದ್ದಳು. ಆಮೇಲೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರಲಿಲ್ಲ.

ಗಿಲಕಿಗೆ ಆ ಹೆಸರು ಬಂದದ್ದು ಅವಳ ಬಾಯಿಂದ. ಎದ್ದಾಗಿನಿಂದ ಮಲಗುವವರೆಗೆ ಗಿಲಗಿಲ ಗಿಲಗಿಲ. ಆದರೆ ಮಸಿ ಹೋದ ಮೇಲೆ ಗಿಲಕಿಯ ಸದ್ದಡಗಿತ್ತು. ಆ ದಿನ ಅವಳು ಸ್ಕೂಲಿಂದ ಬರುವ ಹೊತ್ತಿಗೆ ಅಮ್ಮ ಟೇಪು ಸುತ್ತಿದ ಒಂದು ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆದರೆ ಮಸಿ ಉಳಿಯಲಿಲ್ಲ ಅಂದಳು. ಗಿಲಕಿ ಡಬ್ಬ ತೆಗೆಯಲು ಕೈ ಹಾಕಿದಾಗ ಅಮ್ಮ ಬಿಡಲಿಲ್ಲ.

"ಬೇಡ ಕಣೇ. ನೋಡ್ಬೇಡ."

ಇಬ್ಬರೂ ಸೇರಿ ಹಿತ್ತಲಿನ ನೀರಿನ ಟ್ಯಾಂಕಿನ ಪಕ್ಕ ಡಬ್ಬವನ್ನು ಹೂತರು. ಗಿಲಕಿ ಒಳಗೆ ನೋಡಲೇ ಇಲ್ಲ. ಈಗ ಫೋನ್ ಹಿಡಿದು ನಿಂತ ಅವಳ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಆ ಡಬ್ಬದಲ್ಲಿ ಮಸಿ ಇದ್ದಳಾ?

ಅದು ಅಮ್ಮನ ಹಳೆಯ ಫೋನು. ಸ್ಕೂಲಿಂದ ಬಂದ ಮೇಲೆ ಅಮ್ಮ ಬರುವವರೆಗೆ ಗಿಲಕಿಯ ಹತ್ತಿರ ಇರಲಿ ಎಂದು ಅವಳೇ ಮನೆಯಲ್ಲಿ ಇಟ್ಟಿದ್ದಳು. ಆಸ್ಪತ್ರೆಗೆ ಕೊಟ್ಟಿದ್ದೂ ಅದೇ ನಂಬರು. ಹಾಗಾಗಿ ಮೆಸೇಜು ಬಂದರೆ ನೋಡುವವಳು ಗಿಲಕಿ ಒಬ್ಬಳೇ.

ಮಾರನೇ ದಿನ ಇನ್ನೊಂದು ಬಂತು. "ಮಸಿ, ವಯಸ್ಸು 125 ವರ್ಷ. ಬೆಲ್ಟ್ ಹಾಕಿ ಅಂಗಳದಲ್ಲಿ ನಡೆಸಿದೆವು. ಗೇಟಿನವರೆಗೆ ಓಡಿತು."

ಮಸಿ ಯಾವತ್ತೂ ಓಡಿದವಳಲ್ಲ. ಇಲಿ ಎದುರು ಬಂದರೂ ದಾರಿ ಬಿಟ್ಟು ಕೂರುವ ಮಹಾರಾಣಿ ಅವಳು. ಗಿಲಕಿಗೆ ನಗು ಬರಬೇಕಿತ್ತು, ಬರಲಿಲ್ಲ. ಆಮೇಲಿನ ಮೆಸೇಜು ಹೀಗಿತ್ತು.

"ಮಸಿ, ವಯಸ್ಸು 125 ವರ್ಷ. ರೆಕ್ಕೆಯ ಕಟ್ಟು ಬಿಚ್ಚಿದ್ದೇವೆ. ಹಾರಲು ನೋಡುತ್ತಿದೆ."

ಗಿಲಕಿ ಎದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ಹಾಕಿದಳು. ಬೆಳಕು ಇನ್ನೂ ಇತ್ತು. ಕಿಟಕಿಯಿಂದ ನೋಡಿದರೆ ಟ್ಯಾಂಕಿನ ಪಕ್ಕದ ಮಣ್ಣು ಮೊದಲಿನ ಹಾಗೆ ಉಬ್ಬಿರಲಿಲ್ಲ. ನಡುವೆ ಕುಸಿದು ಸಣ್ಣ ಗುಂಡಿಯಾಗಿತ್ತು. ಒಳಗಿದ್ದದ್ದು ಎದ್ದು ಹೋದ ಹಾಗೆ. ಅವಳು ಪರದೆ ಎಳೆದು, ಅಮ್ಮ ಬರುವವರೆಗೂ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ಯಾವ ಕುರ್ಚಿ ಎಂದು ಆಮೇಲೆ ಗೊತ್ತಾಗಿ ದಡಕ್ಕನೆ ಇಳಿದಳು.

ಸ್ಕೂಲಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿಗೆ ಗುಟ್ಟಾಗಿ ಹೇಳಿದಳು. ದಪ್ಪ ಗಾಜಿನ ಕನ್ನಡಕದ ಆ ಗೆಳತಿಯನ್ನು ಎಲ್ಲರೂ ಸೋಡಾಬುಡ್ಡಿ ಅಂತಲೇ ಕರೆಯುತ್ತಿದ್ದರು. ಸೋಡಾಬುಡ್ಡಿ ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ಒರೆಸಿದಳು.

"ನೂರಿಪ್ಪತ್ತೈದು ವರ್ಷ ಯಾವ ಬೆಕ್ಕು ಬದುಕುತ್ತೆ? ಮೇಲೆ ರೆಕ್ಕೆ ಬೇರೆ. ಅದು ನಿಮ್ಮ ಬೆಕ್ಕಲ್ಲ ಬಿಡು, ಬೇರೆ ಏನೋ. ನಿಮ್ಮಮ್ಮಂಗೆ ಹೇಳಿದ್ಯಾ?"

ಗಿಲಕಿ ಹೇಳಿರಲಿಲ್ಲ. ಹೇಳಿದರೆ ಎರಡರಲ್ಲಿ ಒಂದು ಆಗಬೇಕು. ಅಮ್ಮ ತನಗೆ ಸುಳ್ಳು ಹೇಳಿದ್ದಾಳೆ ಅಂತ ಆಗಬೇಕು, ಇಲ್ಲವೇ ಮಸಿ ನಿಜವಾಗಿಯೂ ಇಲ್ಲ ಅಂತ ಆಗಬೇಕು. ಅವಳಿಗೆ ಎರಡೂ ಬೇಡವಾಗಿತ್ತು. ಅಮ್ಮ ಊಟಕ್ಕೆ ಕರೆದಾಗಲೆಲ್ಲ ಗಿಲಕಿ ಅವಳ ಮುಖವನ್ನೇ ಕದ್ದು ನೋಡುತ್ತಿದ್ದಳು. ಸುಳ್ಳು ಹೇಳಿದವರ ಮುಖ ಹೇಗಿರುತ್ತದೆ ಎಂದು ಅವಳಿಗೆ ತಿಳಿಯದು. ಅಮ್ಮನ ಮುಖ ಸುಸ್ತಾಗಿ ಕಂಡಿತು, ಅಷ್ಟೆ.

"ಹೊಲಿಗೆ ಬಿಚ್ಚಿದ್ದೇವೆ" ಅಂತ ಬಂತು. "ಮನೆಗೆ ಕರೆದುಕೊಂಡು ಹೋಗಬಹುದು" ಅಂತ ಬಂತು. ಅವಳು ಸ್ಕೂಲಲ್ಲಿರುವಾಗ ಆಸ್ಪತ್ರೆಯಿಂದ ಮಿಸ್ಡ್ ಕಾಲುಗಳೂ ಬಂದಿದ್ದವು. ತಿರುಗಿ ಮಾಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಆ ಕಡೆಯಿಂದ ಯಾರು ಮಾತಾಡುತ್ತಾರೋ ಎಂಬ ಹೆದರಿಕೆ. ಕೊನೆಗೆ ಒಂದು ಸಂಜೆ ಹೀಗೆ ಬಂತು.

"ಮಸಿ, ವಯಸ್ಸು 125 ವರ್ಷ. ಯಾರೂ ಬಂದಿಲ್ಲ. ಕಾಯುತ್ತಿದೆ."

ದೆವ್ವವಾಗಲಿ ಏನೇ ಆಗಲಿ, ಮಸಿ ಕಾಯುತ್ತಿದ್ದಾಳೆ ಅಂದರೆ ಹೋಗದೆ ಇರುವುದು ಹೇಗೆ? ಮಾರನೇ ದಿನ ಶನಿವಾರ, ಅರ್ಧ ದಿನ ಸ್ಕೂಲು. ಬೆಲ್ಲು ಹೊಡೆದದ್ದೇ ತಡ, ಬ್ಯಾಗಿನಲ್ಲಿ ಅಡಗಿಸಿ ತಂದಿದ್ದ ಫೋನು ಹಿಡಿದು ಆಸ್ಪತ್ರೆಯ ಕಡೆ ಓಡಿದಳು.

ಕೌಂಟರಿನಲ್ಲಿ ಕೂತಿದ್ದ ಅಕ್ಕ ಹೊಸಬಳು. ಮೆಸೇಜು ನೋಡಿದ್ದೇ ಅವಳ ಮುಖ ಅರಳಿತು. ಎಷ್ಟು ಸಲ ಫೋನ್ ಮಾಡಿದರೂ ಎತ್ತುವುದಿಲ್ಲವಲ್ಲ, ದೊಡ್ಡವರು ಬರಲಿಲ್ಲವಾ ಎಂದು ಕೇಳುತ್ತಲೇ ಎದ್ದು ಬಂದಳು. ಉತ್ತರಕ್ಕೂ ಕಾಯದೆ ಗಿಲಕಿಯನ್ನು ಒಳಗೆ ಕರೆದುಕೊಂಡು ಹೋದಳು.

ಉದ್ದನೆಯ ಓಣಿ. ಫಿನಾಯಿಲ್ ವಾಸನೆ. ಎರಡೂ ಕಡೆ ಬಟ್ಟೆ ಹೊದಿಸಿದ ಪಂಜರಗಳು. ಒಂದರೊಳಗೆ ಏನೋ ಪಟಪಟ ಎಂದಿತು. ಗಿಲಕಿ ರೆಕ್ಕೆ ನೆನಪಾಗಿ ಅಕ್ಕನ ಹಿಂದೆಯೇ ಅಂಟಿಕೊಂಡು ನಡೆದಳು. ಕೊನೆಯ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಬೆಳಕಿದ್ದರೆ ಪ್ರಾಣಿಗಳು ಮಲಗುವುದಿಲ್ಲವಂತೆ. ಅಕ್ಕ ಒಂದು ಪಂಜರದ ಬಟ್ಟೆ ಎತ್ತಿದಳು.

ಒಳಗೆ ಕತ್ತಲು. ಕತ್ತಲಲ್ಲಿ ಎರಡು ಹಸಿರು ಕಣ್ಣು ಮಾತ್ರ.

"ಮಸಿ" ಅಂದಳು ಗಿಲಕಿ.

ಕಣ್ಣುಗಳು ಹತ್ತಿರ ಬಂದವು. ಬೆಚ್ಚಗಿನ ಒಂದು ತಲೆ ಸರಳಿಗೆ ಒರಗಿ, ಅವಳ ಬೆರಳನ್ನು ಉಜ್ಜಿತು. ಗಿಲಕಿಗೆ ಆ ಗಳಿಗೆಯಲ್ಲಿ ಆದಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಅಷ್ಟರಲ್ಲಿ ಅಕ್ಕ ದೀಪ ಹಾಕಿದಳು. ಬೂದು ಬಣ್ಣದ ಬೆಕ್ಕು. ಮೈಮೇಲೆಲ್ಲ ಪಟ್ಟೆ.

"ಇದು ಮಸಿ ಅಲ್ಲ" ಅಂದಳು ಗಿಲಕಿ.

ಅಕ್ಕ ಪಂಜರದ ನಂಬರನ್ನೂ ಮೆಸೇಜನ್ನೂ ಮತ್ತೆ ಮತ್ತೆ ನೋಡಿ ತಬ್ಬಿಬ್ಬಾದಳು. ಇಬ್ಬರೂ ಕೌಂಟರಿಗೆ ವಾಪಸು ಬಂದು ಕಂಪ್ಯೂಟರಿನ ಮುಂದೆ ನಿಂತರು. ಅಕ್ಕ ಶೀಟು ತೆರೆದು, ಯಾವತ್ತೂ ನೋಡದ ಬಲಗಡೆಯ ಕಾಲಮ್ಮಿಗೆ ಹೋದಳು. ಮೆಸೇಜುಗಳೆಲ್ಲ ಅಲ್ಲಿ ಸಾಲಾಗಿದ್ದವು. ಮಸಿ, 125. ಕೆಳಗೆ ಮಸಿ, 125. ಅದರ ಕೆಳಗೂ ಮಸಿ. ಪರದೆ ಸರಿಸಿದಷ್ಟೂ ಮಸಿ, ಮಸಿ, ಮಸಿ. ನಾಯಿಯೂ ಮಸಿ, ಪಾರಿವಾಳವೂ ಮಸಿ. ಅಕ್ಕ ಮೌಸಿನಿಂದ ಮೆಲ್ಲಗೆ ಕೈ ತೆಗೆದಳು.

"ನಾನು ಪಂಜರದ ನಂಬರು, ಇವತ್ತಿನ ಸುದ್ದಿ ಎರಡೇ ಹಾಕೋದು. ಹೆಸರು, ವಯಸ್ಸು, ಫೋನ್ ನಂಬರು ಎಲ್ಲಾ ಅದೇ ತಗೊಳುತ್ತೆ. ಮೊದಲಿದ್ದವರು ಮಾಡಿಟ್ಟು ಹೋದ ಶೀಟಿದು" ಅಂದಳು. ಕಂಪ್ಯೂಟರಿಗೇ ಕೇಳಿಸಬಾರದು ಎನ್ನುವ ಹಾಗೆ ಪಿಸುಗುಟ್ಟಿದಳು.

ಗಿಲಕಿ ಅಮ್ಮನ ಹೊಸ ನಂಬರು ಹೇಳಿದಳು, ಅಕ್ಕ ಫೋನ್ ಮಾಡಿದಳು. ಅಮ್ಮನಿಗೆ ಬಸ್ ಡಿಪೋದಲ್ಲಿ ಕೆಲಸ. ಯಾವ ಡ್ರೈವರಿಗೆ ಯಾವ ಬಸ್ಸು ಎಂದು ಶೀಟು ಮಾಡುವವಳು ಅವಳೇ. ಕೊರಳಿನ ಐಡಿ ಕಾರ್ಡೂ ತೆಗೆಯದೆ ಏದುಸಿರು ಬಿಡುತ್ತ ಬಂದಳು. ಹೇಳದೆ ಕೇಳದೆ ಬಂದದ್ದಕ್ಕೆ ಬೈಯಲು ಬಾಯಿ ತೆರೆದವಳು, ಗಿಲಕಿ ಚಾಚಿದ ಫೋನು ನೋಡಿ ಅದನ್ನೇ ಕೈಗೆ ತೆಗೆದುಕೊಂಡಳು. ಮೆಸೇಜುಗಳನ್ನು ಒಂದೊಂದಾಗಿ ಓದಿದಳು. ಓದುತ್ತ ಓದುತ್ತ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

"ಇಷ್ಟು ದಿನ ಇದನ್ನೆಲ್ಲ ಒಬ್ಬಳೇ ಓದ್ತಿದ್ದೆಯಾ?"

ಗಿಲಕಿ ತಲೆ ಆಡಿಸಿದಳು. ಅಮ್ಮ ಅವಳ ಕೈ ಹಿಡಿದುಕೊಂಡೇ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ವಯಸ್ಸಿನ ಗಂಟು ಮೊದಲು ಬಿಚ್ಚಿಕೊಂಡಿತು. ಮಸಿ ಹುಟ್ಟಿದ ದಿನ ಗೊತ್ತಿಲ್ಲ ಎಂದು ಅಮ್ಮನೇ ಆ ಜಾಗ ಖಾಲಿ ಬಿಡಿಸಿದ್ದಳು. ಖಾಲಿ ಎಂದರೆ ಶೀಟಿಗೆ ಸೊನ್ನೆ. ಅದರ ಕ್ಯಾಲೆಂಡರು ಶುರುವಾಗುವುದೇ ಸಾವಿರದ ಒಂಬೈನೂರನೇ ಇಸವಿಯಿಂದ. ಅಲ್ಲಿಂದ ಇಲ್ಲಿಯವರೆಗೆ ಲೆಕ್ಕ ಹಾಕಿ, ಪಾಪದ ಬೆಕ್ಕನ್ನು ಮುತ್ತಜ್ಜಿ ಮಾಡಿಟ್ಟಿತ್ತು.

ಆಮೇಲೆ ಅಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿದಳು. ಪ್ರಾಣಿಗಳ ಪಟ್ಟಿಯ ಸುತ್ತ ಒಂದು ನೀಲಿ ಗೆರೆ ಮೂಡಿತು. ಗೆರೆ ಮಸಿಯ ಸಾಲಿಗೆ ಬಂದು ನಿಂತುಬಿಟ್ಟಿತ್ತು. ಮಸಿಯ ನಂತರ ಬಂದ ಪ್ರಾಣಿಗಳೆಲ್ಲ ಗೆರೆಯ ಆಚೆ.

"ನೋಡು, ಈ ಫಾರ್ಮುಲಾ ಗೆರೆಯ ಒಳಗೆ ಮಾತ್ರ ಹುಡುಕುತ್ತೆ. ಹೊರಗಿರೋರು ಇದರ ಕಣ್ಣಿಗೇ ಬೀಳಲ್ಲ."

"ಹಾಗಾದ್ರೆ ಸಿಗಲಿಲ್ಲ ಅಂತ ಹೇಳ್ಬೇಕಿತ್ತಲ್ಲ?"

"ಹೇಳ್ಬೇಕಿತ್ತು. ಕೇಳಿದ ನಂಬರೇ ಬೇಕು, ಹತ್ತಿರದ ನಂಬರು ಬೇಡ ಅಂತ ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೆ ಸಿಗದೆ ಹೋದಾಗೆಲ್ಲ, ತನಗೆ ಗೊತ್ತಿರೋ ಕೊನೇ ಹೆಸರು ಹೇಳ್ಬಿಡುತ್ತೆ."

ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಮಸಿ, ಕಿಟಕಿಯ ಪರದೆ ಅಲ್ಲಾಡಿದರೆ ಮಸಿ ಎಂದು ಗಿಲಕಿಯ ಬಾಯಿಗೂ ಅದೇ ಬರುತ್ತಿತ್ತು. ಕಂಪ್ಯೂಟರಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಅಮ್ಮ ಫಾರ್ಮುಲಾದ ಕೊನೆಯಲ್ಲಿ ಏನೋ ಸೇರಿಸಿ ಎಂಟರ್ ಒತ್ತಿದಳು. ಒಂದೇ ಏಟಿಗೆ ಎಲ್ಲ ಮಸಿಗಳೂ ಮಾಯವಾದವು. ಹೆಸರಿದ್ದ ಕಡೆಯೆಲ್ಲ ಸಿಗಲಿಲ್ಲ ಎಂಬ ಗುರುತು. ಗಿಲಕಿಗೆ ಅಳು ಒತ್ತಿಕೊಂಡು ಬಂತು. ಅಮ್ಮ ಗೆರೆಯನ್ನು ಕೆಳಗೆ ಎಳೆದ ಮೇಲೆ ಒಂದೊಂದೇ ಹೊಸ ಹೆಸರು ಬಂತು. ನಾಯಿಗೆ ಟೈಗರ್, ಪಾರಿವಾಳಕ್ಕೆ ಪೋಸ್ಟ್‌ಮ್ಯಾನ್, ಕೊನೆಯ ಕೋಣೆಯ ಬೆಕ್ಕಿಗೆ ಪಟ್ಟೆ. ಪಟ್ಟೆಯ ಮನೆಯವರ ನಂಬರೂ ಬಂತು. ಅಕ್ಕ ತಡಮಾಡದೆ ಫೋನ್ ಎತ್ತಿಕೊಂಡಳು.

"ಅಮ್ಮಾ, ಡಬ್ಬದಲ್ಲಿ ಮಸಿನೇ ಇದ್ದಳಾ?"

ಅಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು.

"ಇದ್ದಳು. ನಾನೇ ಮಲಗಿಸಿದ್ದು. ಕಣ್ಣು ಮುಚ್ಚಿಸೋಕೆ ನೋಡ್ದೆ, ಮುಚ್ಚಲಿಲ್ಲ. ನೀನು ಅದನ್ನ ನೋಡೋದು ಬೇಡ ಅನ್ನಿಸ್ತು. ಹಾಗಂತ ನಿನಗೆ ಹೇಳಬೇಕಿತ್ತು, ಹೇಳಲಿಲ್ಲ."

ಗಿಲಕಿ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ಮಸಿ ಹೋದ ದಿನದಿಂದ ಅವಳು ಅತ್ತಿರಲೇ ಇಲ್ಲ. ಅಮ್ಮನೂ ಅತ್ತಳು. ಅಕ್ಕ ಪರದೆ ನೋಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಸ್ವಲ್ಪ ಹೊತ್ತಿನಲ್ಲೇ ಒಬ್ಬ ಪುಟ್ಟ ಹುಡುಗ ಅಜ್ಜನ ಕೈ ಹಿಡಿದು ಬಂದ. ಅಜ್ಜ ಕೌಂಟರಿನತ್ತ ಹೋದರು. ಹುಡುಗ ಮಾತ್ರ ಬಾಗಿಲಲ್ಲೇ ನಿಂತ. ಎಷ್ಟು ಕರೆದರೂ ಒಳಗೆ ಬರಲೊಲ್ಲ. ಗಿಲಕಿ ಕಣ್ಣೊರೆಸಿಕೊಂಡು ಅವನ ಹತ್ತಿರ ಹೋದಳು.

"ಪಟ್ಟೆ ಬದುಕಿದ್ರೆ ಮೆಸೇಜ್ ಬರುತ್ತೆ ಅಂತ ಡಾಕ್ಟರ್ ಹೇಳಿದ್ರು. ಬರಲೇ ಇಲ್ಲ" ಅಂದ ಅವನು, ನೆಲ ನೋಡುತ್ತ. "ಈಗ ಇದೆ ಅಂತಿದಾರೆ. ಇಲ್ದೇ ಇದ್ರೆ?"

ಗಿಲಕಿ ಹಳೆಯ ಫೋನು ತೆಗೆದು ಮೊದಲಿನಿಂದ ಹುಡುಕಿದಳು. ನಾಯಿಯದನ್ನೂ ಪಾರಿವಾಳದ್ದನ್ನೂ ಬಿಟ್ಟು, ಅವನಿಗೆ ಸೇರಿದ್ದನ್ನು ಮಾತ್ರ ನಿಧಾನವಾಗಿ ಓದಿದಳು. ಪಟ್ಟೆ ಇವತ್ತು ಹಾಲು ಕುಡಿದಿದೆ. ಪಟ್ಟೆಗೆ ಹೊಲಿಗೆ ಬಿಚ್ಚಿದ್ದೇವೆ. ಪಟ್ಟೆಯನ್ನು ಮನೆಗೆ ಕರೆದುಕೊಂಡು ಹೋಗಬಹುದು. ಪಟ್ಟೆ ಕಾಯುತ್ತಿದೆ. ಹುಡುಗ ಕತ್ತು ಚಾಚಿ ಪರದೆ ನೋಡಿದ. ಅಕ್ಷರ ಕೂಡಿಸಿ ಓದುವಷ್ಟು ದೊಡ್ಡವನೇ ಅವನು.

"ಇಲ್ಲಿ ಮಸಿ ಅಂತ ಇದೆ. ಮಸಿ ಯಾರು?"

"ನಮ್ಮ ಬೆಕ್ಕು."

"ಅದೆಲ್ಲಿದೆ?"

ಗಿಲಕಿ ಒಮ್ಮೆ ಅಮ್ಮನ ಕಡೆ ನೋಡಿದಳು. ಅಮ್ಮ ಅಲ್ಲಿಂದಲೇ ನೋಡುತ್ತಿದ್ದಳು.

"ಸತ್ತುಹೋದಳು" ಅಂದಳು ಗಿಲಕಿ.

ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹುಡುಗ ಅವಳ ಅಂಗಿಯ ತುದಿ ಹಿಡಿದುಕೊಂಡ. ಗಿಲಕಿ ಅವನನ್ನು ಓಣಿಯ ಕಡೆ ಕರೆದುಕೊಂಡು ನಡೆದಳು.

"ಕೊನೇ ರೂಮು. ಒಳಗೆ ಕತ್ತಲಿರುತ್ತೆ, ಮೊದಲು ಕಣ್ಣು ಮಾತ್ರ ಕಾಣುತ್ತೆ. ಹೆದರ್ಬೇಡ, ನಿಂದೇ ಅದು."