ಅವಧಿ ಮುಗಿದ ಕೀಲಿ

ಓದು ಬಾರದ ತಾಯಂದಿರಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶ ಬರೆದು, ಅದಕ್ಕೆ ಗೌತಮಿ ತನ್ನದೇ ದನಿ ಕೊಟ್ಟಿದ್ದಳು. ಅವಳು ತೀರಿಕೊಂಡಾಗ, ನಮ್ಮ ಕೇರಿಯ ಹೆಣಕ್ಕೂ ದಾರಿ ಬಿಡದ ಊರಲ್ಲಿ, ಹೊಲದ ಬದುವಿನ ಮೇಲೆ ಹೊತ್ತೊಯ್ದು ಅವಳನ್ನು ಹೂತು ಬಂದೆವು.

ಮೇ ತಿಂಗಳ ಒಂದು ಮಧ್ಯಾಹ್ನ, ವಿಜಯಪುರದ ಗಾಂಧಿ ಚೌಕದ ಹಿಂದಿರುವ ನಮ್ಮ ಓದುಕೂಟದಲ್ಲಿ, ಆ ತಂತ್ರಾಂಶವನ್ನು ಹೊಸ ಲಿನಕ್ಸ್ ಕಂಪ್ಯೂಟರಿಗೆ ಹಾಕಲು ಕೂತೆ. ತಂತ್ರಾಂಶದ ಮೇಲಿನ ಡಿಜಿಟಲ್ ರುಜು ಅವಳದೇ ಎಂದು ಹೇಳುವ ಕೀಲಿ ಸರ್ವರಿನಿಂದ ಬರಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಸಂಪರ್ಕವೇ ಸಿಗಲಿಲ್ಲ. ಪೋರ್ಟ್ ಬದಲಿಸಿದೆ, ಮೊಬೈಲಿನ ನೆಟ್ ಹಚ್ಚಿದೆ. ಕೊನೆಗೆ ಕೀಲಿ ಬಂತು, ಆದರೆ ಅದರ ಅವಧಿ ಮುಗಿದಿತ್ತು.

ಅವಳವ್ವ ರೇಣವ್ವ ಬಾಗಿಲಲ್ಲೇ ಕಾದಿದ್ದಳು. “ನನ್ನ ಮಗಳ ದನಿ ಕೇಳಸ್ತಿಯಿಲ್ಲೋ ಯಪ್ಪಾ?”

“ಆಗೂದಿಲ್ಲ ಬೇ. ಕೀಲಿ ಅವಧಿ ಅಕಿನ ಹೆಚ್ಚಸಬೇಕು. ಅದನ್ನ ಹೆಚ್ಚಸೂ ಗುಪ್ತ ಕೀಲಿ ಅಕಿ ಕೊರಳಾಗಿನ ಪೆನ್‌ಡ್ರೈವ್‌ನ್ಯಾಗಿತ್ತು. ನಾವ ಹಂಗ ಹೂತ್ವಿ.”

“ಮೊಂಡಿ ಅದಾಳ ಅಕಿ. ಒಂದ ಸಲ ಕರದ್ರ ಎಂದಾರ ಓ ಅಂದಾಳೇನು? ಮತ್ತ ಕರಿ.”

ಅವಳ ಮನಸ್ಸಿಗಾಗಿ ಅದೇ ಕೀಲಿಯನ್ನು ಮತ್ತೆ ತರಿಸಿದೆ. ಆ ಸುಡು ಸೆಕೆಯಲ್ಲೂ ಕೀಬೋರ್ಡ್ ತಣ್ಣಗೆ ಕೊರೆಯಿತು. ಹಸಿ ಮಣ್ಣಿನ ವಾಸನೆ ಬಂತು. ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕೀಲಿಗೆ ಈಗ ಹೊಸ ಅವಧಿಯಿತ್ತು. ರುಜು ಗೌತಮಿಯದು, ತಾರೀಕು ಅಂದಿನದು.

ಒಂದೇ ವರ್ಷ ಹೆಚ್ಚಿಸಿದ್ದಳು, ಮುಂದಿನ ಮೇಗೆ ಮತ್ತೆ ಕರೆಯಬೇಕು.