ಮೂರನೇ ತೊಟ್ಟಿಯ ಪಾಚಿ

ಮೂರು ದಿನ ಜ್ವರ ಅಂತ ಸಿದ್ಧಾರ್ಥನಗರದ ಮನೆಯಲ್ಲಿ ಮಲಗಿದ್ದೆ. ಇವತ್ತು ಬೆಳಿಗ್ಗೆ ಕಾಲೇಜಿನ ತಾರಸಿ ಹತ್ತಿದರೆ ಮೂರನೇ ತೊಟ್ಟಿಯಲ್ಲಿದ್ದ ನನ್ನ ಪಾಚಿಯ ಹಸಿರು ಮಾಸಿತ್ತು. ಈ ಪಾಚಿಯಿಂದ ಎಣ್ಣೆ ತೆಗೆದು, ಬಯೋಡೀಸೆಲ್ ಮಾಡಿ ತೋರಿಸಿದರೆ ಮಾತ್ರ ನನಗೆ ಪಿಎಚ್‌ಡಿ. ಎರಡು ವರ್ಷ ಸಾಕಿದ ಪಾಚಿ.

ಒಂದು ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು ಪಾಚಿಯನ್ನು ಗಬಗಬ ತಿನ್ನುತ್ತಿದ್ದವು. ಇನ್ನೆರಡು ದಿನ ಬಿಟ್ಟರೆ ಬರೀ ನೀರು ಉಳಿಯುತ್ತಿತ್ತು.

"ಲಾಸ್ಯ ಅವರೇ..."

ಪಕ್ಕದ ತೊಟ್ಟಿಯ ಗುರುಕಿರಣ್, ನನ್ನಂತೆಯೇ ಪಾಚಿ ಸಾಕುವ ಪಿಎಚ್‌ಡಿ ವಿದ್ಯಾರ್ಥಿ. ನನ್ನನ್ನು ಓರೆಗಣ್ಣಲ್ಲಿ ನೋಡುವುದು, ನಾನು ತಿರುಗಿದ ಕೂಡಲೇ ಥರ್ಮಾಮೀಟರ್ ಓದುವ ನಾಟಕ ಆಡುವುದು, ಇದು ಅವನ ದಿನಚರಿ. ಆ ನಾಟಕ ನನಗೆ ಇಷ್ಟ, ಸುಳ್ಳೇಕೆ ಹೇಳಲಿ. ಆದರೆ ಇವತ್ತು ಅವನು ನೇರವಾಗಿ ನೋಡಿದ.

"ತಪ್ಪು ನಂದು. ಮೊನ್ನೆ ಕರೆಂಟ್ ಹೋಗಿ ನಿಮ್ಮ ತೊಟ್ಟಿ ನೀರು ಕಲಕೋ ಚಕ್ರ ನಿಂತೋಗಿತ್ತು. ಪಾಚಿ ತಳ ಹಿಡಿದು ಸತ್ತೋಗುತ್ತೆ ಅಂತ ನನ್ನ ಕೋಲಲ್ಲೇ ಕಲಕಿಬುಟ್ಟೆ. ನನ್ನ ತೊಟ್ಟೀಲಿ ಹುಳ ಬಿದ್ದಿರೋದು ನಿನ್ನೆ ಗೊತ್ತಾಯ್ತು."

"ಕೋಲು ತೊಳೀಲಿಲ್ವಾ?"

"ಗಾಬರೀಲಿ ಮರೆತೆ."

"ನನ್ನ ತೊಟ್ಟಿ ಮುಟ್ಟಿ ಅಂತ ನಿಮಗ್ಯಾರ್ರೀ ಹೇಳಿದ್ದು?"

ಅಳು ಬಂದಿದ್ದು ಅವನಿಗೆ ಕಾಣದಿರಲೆಂದು ಮುಖ ತಿರುಗಿಸಿದೆ.

"ಎಷ್ಟಾದ್ರೂ ಬಯ್ರಿ, ಆದ್ರೆ ಕ್ಯಾನ್ ತುಂಬ್ಕೊಂಡು ಬಯ್ರಿ. ಇವತ್ತು ಸೆಂಟ್ರಿಫ್ಯೂಜ್ ಖಾಲಿ ಇದೆ. ಈಗಲೇ ಅದ್ರಲ್ಲಿ ಗಿರ್ರನೆ ತಿರುಗಿಸಿ ನೀರಿಂದ ಪಾಚಿ ಬೇರೆ ಮಾಡಿದ್ರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತೆ."

ಬೈಯುತ್ತಲೇ ತುಂಬಿದೆ. ಅವನು ಒಂದೊಂದೇ ಕ್ಯಾನು ಹೊತ್ತು ಮೂರು ಮಹಡಿ ಇಳಿದು ಲ್ಯಾಬಿಗೆ ಸಾಗಿಸಿದ. ಸಂಜೆ ಐದಕ್ಕೆ ಯಂತ್ರದೊಳಗಿನ ಹಸಿರು ಮುದ್ದೆಯನ್ನು ಚಮಚದಲ್ಲಿ ಕೆರೆದು ತೂಗಿದೆವು. ಎಣ್ಣೆ ತೆಗೆಯಲು ಸಾಕಾಗುವಷ್ಟಿತ್ತು. ಹೋದ ಉಸಿರು ವಾಪಸು ಬಂತು.

ಯಂತ್ರ ಬಳಸಿದ್ದಕ್ಕೆ ರುಜು ಹಾಕಲು ರಿಜಿಸ್ಟರ್ ತೆಗೆದೆ. ಇವತ್ತಿನ ಸಾಲಿನಲ್ಲಿ ಅವನ ಹೆಸರಿತ್ತು. ಅದನ್ನು ಹೊಡೆದುಹಾಕಿ, ಅವನದೇ ಅಕ್ಷರದಲ್ಲಿ ನನ್ನ ಹೆಸರು ಬರೆದಿತ್ತು. ಮುಂದಿನ ಹದಿನೈದು ದಿನ ಯಂತ್ರ ಬೇರೆಯವರಿಗೆ ಬುಕ್ ಆಗಿತ್ತು.

"ಖಾಲಿ ಅಂದ್ರಲ್ಲ?"

ಅವನು ಕೈ ಒರೆಸುತ್ತಾ ನಿಂತ.

"ನಿಮ್ಮ ಪಾಚಿ?"

"ಮತ್ತೆ ಯಂತ್ರ ಸಿಗೋಷ್ಟರೊಳಗೆ ಹುಳ ತಿಂದು ಮುಗಿಸಿರುತ್ತೆ. ಮೊದಲಿಂದ ಬೆಳೆಸಬೇಕು."

"ಇನ್ನೊಂದು ವರ್ಷ ಹಿಡಿಯುತ್ತಲ್ರೀ."

"ಹಿಡೀಲಿ. ನಿಮ್ಮದು ಹಾಳು ಮಾಡಿ ನಂದು ಉಳಿಸ್ಕೊಂಡಿದ್ರೆ, ನಿಮ್ಮ ಮುಂದೆ ನಿಂತು ಈ ಮಾತು ಕೇಳೋ ಧೈರ್ಯ ಬರ್ತಿರ್ಲಿಲ್ಲ."

"ಯಾವ ಮಾತು?"

ಗೋಡೆಯ ಮೇಲೂ ಒಂದು ಥರ್ಮಾಮೀಟರಿತ್ತು. ಅವನು ಅದರ ಕಡೆ ನೋಡಲಿಲ್ಲ.

"ನನ್ನ ಪಿಎಚ್‌ಡಿ ಮುಗಿಯೋವರೆಗೂ ಕಾಯ್ತೀರಾ? ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ."

ಎರಡು ವರ್ಷ ಈ ಮಾತಿಗೆ ಕಾದಿದ್ದೆ, ಬಂದಿದ್ದು ಅವನನ್ನು ಬಾಯಿಗೆ ಬಂದಂತೆ ಬೈದ ದಿನ. ಪೆನ್ನಿನ ಮುಚ್ಚಳ ಹಾಕಿದೆ, ಮತ್ತೆ ತೆಗೆದೆ.

"ಕೋಪ ಇನ್ನೂ ಇಳಿದಿಲ್ಲ ಕಣೋ," ಎಂದೆ. "ಆದ್ರೂ ಕಾಯ್ತೀನಿ."