ಚೀಟಿಯಲ್ಲಿ ಬರೆದಷ್ಟೇ

ಅಕ್ಕ ತಮ್ಮ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಮಾತಿಲ್ಲ. ಚಾಮಿ ಹಿದುಕಿದ ಒಂದು ಬೇಳೆ ಪುಳಕ್ಕನೆ ಹಾರಿ ಚೆಲುವನ ಮೂಗಿಗೆ ಬಡಿಯಿತು. ಅವನು ಅದನ್ನು ಎತ್ತಿ ಪಾತ್ರೆಗೆ ಹಾಕಿದ. ಬೈಯಲೂ ಇಲ್ಲ.

ಬೈದಿದ್ದರೆ ಚಾಮಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಐದು ದಿನದಿಂದ ಅವನು ಠೂ ಬಿಟ್ಟಿದ್ದ. ಸ್ಕೂಲಿಗೆ ಸಿಡುಬು ಬಾರದ ಹಾಗೆ ತೋಳಿಗೆ ಚುಚ್ಚಿ ದಾಕು ಹಾಕುವವರು ಬಂದಾಗ ಅವನು ಅಳುತ್ತಾ ಬೆಂಚಿನ ಕೆಳಗೆ ನುಗ್ಗಿದ್ದನ್ನು ಚಾಮಿ ಬೀದಿಗೆಲ್ಲ ಹೇಳಿಬಿಟ್ಟಿದ್ದಳು. ಲಷ್ಕರ್ ಮೊಹಲ್ಲಾದ ಆ ಬೀದಿಯಲ್ಲಿ ಚೆಲುವರಾಜು ಈಗ ಬೆಂಚ್‌ರಾಜು ಆಗಿದ್ದ.

ಬೆಂಗಳೂರಿನಿಂದ ಬಂದಿದ್ದ ಶಿವಲಿಂಗಯ್ಯ ಮಾವ ಜಗಲಿಯಲ್ಲಿ ಇಂಗ್ಲಿಷ್ ಪುಸ್ತಕ ಓದುತ್ತಿದ್ದರು. ಅವರ ಫ್ಯಾಕ್ಟರಿಗೆ ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಬರುವುದಿತ್ತಂತೆ. ಸುಲಭದ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಬರೆದು ಅದಕ್ಕೆ ಕೆಲಸ ಹೇಳಬೇಕಂತೆ. ಚಾಮಿ ಇಣುಕಿದಳು. ರೀಡ್, ಆಡ್, ಸ್ಟಾಪ್. ಎಲ್ಲ ಗೊತ್ತಿದ್ದ ಮಾತೇ.

“ಇಷ್ಟೇನಾ ಮಾವ? ನಾನೂ ಬರೀತೀನಿ.”

“ಬರಿ, ನೋಡೋಣ. ಬರೆದಷ್ಟೇ ಮಾಡುತ್ತೆ ಕಣಮ್ಮ ಅದು. ಬಾಯಲ್ಲಿ ಹೇಳಿದ್ದು ಅದಕ್ಕೆ ಕೇಳಿಸಲ್ಲ.”

ಆದರೆ ಯಂತ್ರ ಎಲ್ಲಿದೆ? ಮಾವ ಚೆಲುವನ ಕಡೆ ನೋಡಿದರು. ಈ ಯಂತ್ರಕ್ಕೆ ಕನ್ನಡವೇ ಸಾಕು ಅಂದರು. ಯಂತ್ರ ಮಾತಾಡಬೇಕಾಗಿಲ್ಲ ತಾನೇ ಎಂದು ಎರಡು ಸಲ ಕೇಳಿಕೊಂಡು ಚೆಲುವ ಒಪ್ಪಿದ.

ಚಾಮಿಗೆ ಒಳಗೊಳಗೇ ಖುಷಿ. ಅವಳು ಬರೆದದ್ದನ್ನು ಅವನು ಓದಿದರೆ ಅರ್ಧ ರಾಜಿಯಾದ ಹಾಗೇ ಅಲ್ಲವೇ? ಮೊದಲ ಚೀಟಿ ಬರೆದಳು. ‘ಬಿಂದಿಗೆ ತಗೋ. ಬೀದಿ ನಲ್ಲಿಗೆ ಹೋಗು. ನೀರು ಹಿಡಿ. ವಾಪಸ್ ಬಾ.’

ಚೆಲುವ ಹೋದ. ಸ್ವಲ್ಪ ಹೊತ್ತಿಗೆ ಕೈಬೀಸಿಕೊಂಡು ವಾಪಸ್ ಬಂದ. ತುಂಬಿದ ಬಿಂದಿಗೆ ನಲ್ಲಿಯ ಕೆಳಗೇ ಇತ್ತು. ಇದು ಯಾರ ಮನೆ ಬಿಂದಿಗೆ ಎಂದು ನೀರಿಗೆ ಬಂದಿದ್ದ ಮಾದೇವಮ್ಮ ಅಲ್ಲಿಂದಲೇ ಕೂಗುತ್ತಿದ್ದರು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೇ ಚೀಟಿಯನ್ನು ಚಾಮಿ ಯೋಚಿಸಿ ಬರೆದಳು. ‘ನೀರು ಹಿಡಿದು ಬಿಂದಿಗೆ ಹೊತ್ತು ತಾ. ಹಂಡೆಗೆ ಸುರಿ. ಹಂಡೆ ತುಂಬುವ ತನಕ ಹೀಗೇ ಮಾಡು.’

ಎಲ್ಲ ಸರಿಯಾಗಿತ್ತು. ಆದರೆ ಹಂಡೆಯಿದ್ದ ಹಿತ್ತಲಲ್ಲೇ ಬೆಟ್ಟಮ್ಮಜ್ಜಿ ಕಂಬಳಿ ಒಗೆಯುತ್ತಿದ್ದರು. ಅವನು ಸುರಿದಷ್ಟನ್ನೂ ಮೊಗೆದುಕೊಂಡರು. ಮೊಮ್ಮಗನಿಗೆ ಅಂತೂ ಬುದ್ಧಿ ಬಂತು ಎಂದು ಸಂತೋಷಪಟ್ಟು ಇನ್ನೊಂದು ಕಂಬಳಿಯನ್ನೂ ನೆನೆಹಾಕಿದರು.

ಆರು ಬಿಂದಿಗೆಯಾಯಿತು, ಏಳಾಯಿತು. ಹಂಡೆಯ ತಳ ಕಾಣುತ್ತಲೇ ಇತ್ತು. ಎಂಟನೆಯ ಸಲ ಚೆಲುವ ಬಿಂದಿಗೆಯನ್ನು ಎಡ ಹೆಗಲಿಗೆ ಬದಲಾಯಿಸುವಾಗ ಮುಖ ಕಿವುಚಿದ. ಒದ್ದೆ ಅಂಗಿಯ ತೋಳು ಮೇಲೆ ಸರಿದಿತ್ತು. ದಾಕು ಹಾಕಿದ ಜಾಗ ಕೆಂಪಗೆ ಬಾತುಕೊಂಡಿತ್ತು.

“ಸಾಕು ಕಣೋ, ಬುಡು,” ಅಂದಳು ಚಾಮಿ.

ಯಂತ್ರಕ್ಕೆ ಕೇಳಿಸಲಿಲ್ಲ. ನೀರು ಸುರಿದು ಮತ್ತೆ ನಲ್ಲಿಗೆ ಹೊರಟಿತು.

ಚಾಮಿ ‘ನಿಲ್ಲು’ ಎಂದು ಬರೆದು ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವನು ತುಂಬಿದ ಬಿಂದಿಗೆ ಹೊತ್ತಿದ್ದ. ಚೀಟಿ ಓದಿದ. ನಿಂತ. ಬಿಂದಿಗೆ ಹೆಗಲ ಮೇಲೇ ಇತ್ತು. ಇಳಿಸು ಎಂದು ಬರೆದಿರಲಿಲ್ಲವಲ್ಲ.

ನಲ್ಲಿಯ ಸಾಲಿನಲ್ಲಿದ್ದ ಮಕ್ಕಳು, ಬೆಂಚ್‌ರಾಜು ಕಲ್ಲಾಗೋದ ಎಂದು ನಕ್ಕರು. ಚೆಲುವ ಬಿಂದಿಗೆ ಹೊತ್ತೇ ನೆಲ ನೋಡಿದ.

ಚಾಮಿ ಚೀಟಿಯ ಹಿಂದೆ ‘ಮಾತಾಡು’ ಎಂದು ಬರೆಯಲು ಹೊರಟಳು. ‘ಮಾ’ ಬರೆದಳು. ಬರೆದರೆ ಮಾತಾಡುತ್ತಾನೆ, ನೀರು ತಂದ ಹಾಗೆ, ಬರೀ ಚೀಟಿಗೋಸ್ಕರ. ಅವಳು ಚೀಟಿಯನ್ನು ಮುದುರಿಬಿಟ್ಟಳು.

ಆಮೇಲೆ ಸಾಲಿನ ಕಡೆ ತಿರುಗಿದಳು. “ದಾಕು ಹಾಕುವಾಗ ನಾನೂ ಅತ್ತೆ. ಇವನಿಗಿಂತ ಜೋರಾಗಿ.”

ಅದು ನಿಜವೇ. ಹುಡುಗಿಯರ ಕ್ಲಾಸಿನವರು ಯಾರೂ ಅದನ್ನು ಹೊರಗೆ ಬಾಯಿಬಿಟ್ಟಿರಲಿಲ್ಲ, ಅಷ್ಟೇ. ಸಾಲಿನ ನಗುವೆಲ್ಲ ಈಗ ಅವಳ ಕಡೆ ತಿರುಗಿತು.

ಚಾಮಿ ಅವನ ಹೆಗಲಿನಿಂದ ಬಿಂದಿಗೆ ಇಳಿಸಿ ತನ್ನ ಸೊಂಟದ ಮೇಲೆ ಇಟ್ಟುಕೊಂಡಳು. ತಣ್ಣನೆಯ ನೀರು ತುಳುಕಿ ಲಂಗ ಒದ್ದೆಯಾಯಿತು. ಮನೆಯ ಕಡೆ ನಡೆದಳು. ಏನೂ ಬರೆದುಕೊಡದಿದ್ದರೂ ಚೆಲುವ ಪಕ್ಕದಲ್ಲೇ ನಡೆದು ಬಂದ.

“ಚೆಲುವ, ಮಾತಾಡೋ,” ಅಂದಳು.

“ತುಳುಕ್ತಾ ಇದೆ ಕಣೆ, ನೆಟ್ಟಗೆ ಹಿಡ್ಕೊ,” ಅಂದ ಚೆಲುವ.